ಗೇಮಿಂಗ್ ಲ್ಯಾಪ್‌ಟಾಪ್ 97 ಡಿಗ್ರಿ ತೋರಿಸ್ತಿದೆ, ಫ್ಯಾನ್ ಕೂಗ್ತಿದೆ: ಬಿಚ್ಚಿಸಬೇಕಾ?

ಪ್ರಶ್ನೆ: ಸರ್, ನಮ್ಮದು ನಾಪೋಕ್ಲು ಹತ್ತಿರ. ಎಂಜಿನಿಯರಿಂಗ್ ಎರಡನೇ ವರ್ಷ ಓದ್ತಿದ್ದೀನಿ. ಒಂದೂವರೆ ವರ್ಷದ ಹಿಂದೆ ಅಪ್ಪ ಕಾಫಿ ಮಾರಿದ ದುಡ್ಡಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಿದ್ರು. ಐ5-12500ಎಚ್ ಪ್ರೊಸೆಸರ್, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್. ಮೊದಲು ಇಷ್ಟು ಸದ್ದು ಇರಲಿಲ್ಲ. ಈಗ ಆಟ ಶುರು ಮಾಡಿ ಎರಡು ನಿಮಿಷಕ್ಕೆ ಫ್ಯಾನ್ ತೋಟದಲ್ಲಿ ಕಳೆ ಹೊಡೆಯೋ ಮಷಿನ್ ಥರ ಕೂಗುತ್ತೆ. ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗ್ತಾರೆ, ಅವರಿಗೆ ನಿದ್ದೆ ಇಲ್ಲ. ಪ್ರೊಸೆಸರ್ 96–97 ಡಿಗ್ರಿ, ಗ್ರಾಫಿಕ್ಸ್ 78 ಡಿಗ್ರಿ ತೋರಿಸುತ್ತೆ. ಸುಮ್ನೆ ಬ್ರೌಸರ್ ತೆಗೆದಿದ್ರೂ ಆಗಾಗ ಫ್ಯಾನ್ ಏಳುತ್ತೆ. ಕೊಡಗಿನ ಚಳಿಯಲ್ಲೂ ಹೀಗಾದ್ರೆ ಏನೋ ಕೆಟ್ಟಿರಬೇಕು ಅಲ್ವಾ? ಅಂಗಡಿಯವರು ಕೂಲಿಂಗ್ ಪ್ಯಾಡ್ ತಗೊಳ್ಳಿ ಅಂತಾರೆ. ಅಣ್ಣ ಪೇಸ್ಟ್ ಬದಲಿಸು ಅಂತಾನೆ. ಫ್ರೆಂಡ್ ಒಬ್ಬ ಲಿಕ್ವಿಡ್ ಮೆಟಲ್ ಹಾಕ್ಸು ಅಂತಾನೆ. ಅಮ್ಮನಿಗೆ ಎಲ್ಲಿ ಬೆಂಕಿ ಹತ್ತಿಕೊಳ್ಳುತ್ತೋ ಅಂತ ಭಯ. ವಾರಂಟಿ ಮುಗಿದಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆ ಇವೆ. ಲ್ಯಾಪ್‌ಟಾಪ್ ಕೆಟ್ಟಿದೆಯಾ, ಬೆಂಕಿ ಹತ್ತಿಕೊಳ್ಳುತ್ತದಾ, ಅಜ್ಜಿಗೆ ನಿದ್ದೆ ಬರುವ ಹಾಗೆ ಮಾಡೋದು ಹೇಗೆ. ಅಮ್ಮನ ಭಯಕ್ಕೆ ಮೊದಲು ಉತ್ತರ ಹೇಳುತ್ತೇನೆ. ಅದನ್ನು ನೀವು ಇವತ್ತೇ ಪರೀಕ್ಷೆ ಮಾಡಿ ನೋಡಬಹುದು.

97 ಡಿಗ್ರಿ ಅನ್ನೋದು ಇಡೀ ಲ್ಯಾಪ್‌ಟಾಪಿನ ಬಿಸಿ ಅಲ್ಲ. ಒಳಗಿರುವ ಒಂದು ಸಣ್ಣ ಸಿಲಿಕಾನ್ ಚೂರಿನ ಬಿಸಿ, ಅದರಲ್ಲೂ ಅತಿ ಹೆಚ್ಚು ಕಾದಿರುವ ಒಂದು ಮೂಲೆಯ ಬಿಸಿ. ನಿಮ್ಮ ಪ್ರೊಸೆಸರಿಗೆ ಇಂಟೆಲ್ ಇಟ್ಟಿರುವ ಮಿತಿ 100 ಡಿಗ್ರಿ. ಅದನ್ನು ಮುಟ್ಟಿದ ಕೂಡಲೇ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಮೇಲೂ ಬಿಸಿ ಏರುತ್ತಲೇ ಹೋದರೆ ಯಂತ್ರ ತಾನಾಗಿ ಆಫ್ ಆಗುತ್ತದೆ. ಮಡಿಕೇರಿಯಲ್ಲಿ ಇಷ್ಟು ವರ್ಷ ರಿಪೇರಿ ಮಾಡಿದ್ದೇನೆ. ಪ್ರೊಸೆಸರ್ ಕಾದು ಬೆಂಕಿ ಹತ್ತಿಕೊಂಡ ಲ್ಯಾಪ್‌ಟಾಪ್ ಒಂದೂ ನನ್ನ ಮೇಜಿಗೆ ಬಂದಿಲ್ಲ.

ಭಯ ಪಡಬೇಕಾದ ಭಾಗ ಬೇರೆ ಇದೆ, ಅದು ಬ್ಯಾಟರಿ. ಲಿಥಿಯಂ ಬ್ಯಾಟರಿ ಹಳೆಯದಾಗಿ ಕೆಟ್ಟಾಗ ಒಳಗೆ ಅನಿಲ ತುಂಬಿ ಉಬ್ಬುತ್ತದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಮುಚ್ಚಿ, ಸಮತಟ್ಟಾದ ಮೇಜಿನ ಮೇಲಿಡಿ. ಒಂದು ಮೂಲೆ ಒತ್ತಿದರೆ ಕಾಲು ಗಿಡ್ಡ ಆದ ಸ್ಟೂಲಿನ ಹಾಗೆ ಅಲ್ಲಾಡುತ್ತದಾ? ಟಚ್‌ಪ್ಯಾಡ್ ಮೇಲೆದ್ದಿದೆಯಾ, ಕ್ಲಿಕ್ ಮಾಡಲು ಗಟ್ಟಿಯಾಗಿದೆಯಾ? ಹೌದು ಅಂತಾದರೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಬ್ಯಾಟರಿ ತೆಗೆಸಿ. ಎರಡೂ ಇಲ್ಲದಿದ್ದರೆ ಅಮ್ಮನಿಗೆ ಧೈರ್ಯ ಹೇಳಿ. ಹಾಸಿಗೆ, ರಗ್ಗು, ಕಂಬಳಿ ಮೇಲಿಟ್ಟು ಆಡುವ ಅಭ್ಯಾಸ ಇದ್ದರೆ ಮಾತ್ರ ಅವರು ಬೈಯುವುದು ಸರಿ. ಅಡಿಯಲ್ಲಿರುವ ಗಾಳಿಯ ತೂತು ಪೂರಾ ಮುಚ್ಚಿ ಹೋಗುತ್ತದೆ.

ಈಗ ನೀವು ಕೇಳಿದ ಮುಖ್ಯ ಮಾತು. ಇಷ್ಟು ಚಳಿ ಇರುವ ಊರಲ್ಲೂ ಯಾಕೆ ಇಷ್ಟು ಬಿಸಿ? ಈ ಪ್ರಶ್ನೆಯನ್ನು ನನಗೆ ಪ್ರತಿ ಡಿಸೆಂಬರಿನಲ್ಲಿ ಯಾರಾದರೂ ಕೇಳುತ್ತಾರೆ.

ಕೋಣೆ ಹತ್ತು ಡಿಗ್ರಿ ತಣ್ಣಗಿದ್ದರೆ ಒಳಗಿನ ಬಿಸಿಯೂ ಹೆಚ್ಚು ಕಡಿಮೆ ಹತ್ತು ಡಿಗ್ರಿ ಇಳಿಯಬೇಕು. ಲೆಕ್ಕ ಸರಿ. ಆದರೆ ಅದಕ್ಕೊಂದು ಷರತ್ತು ಇದೆ, ಪ್ರೊಸೆಸರ್ ಎಳೆಯುವ ಕರೆಂಟ್ ಅಷ್ಟೇ ಇರಬೇಕು. ಈಗಿನ ಪ್ರೊಸೆಸರ್‌ಗಳು ಹಾಗಿಲ್ಲ. ನಿಮ್ಮದಕ್ಕೆ ಮೂಲ ಲೆಕ್ಕ 45 ವ್ಯಾಟ್. ಟರ್ಬೊ ಬೂಸ್ಟ್ ಅನ್ನುವ ವ್ಯವಸ್ಥೆಯಲ್ಲಿ ಅದು 95 ವ್ಯಾಟ್ ತನಕ ಏರಬಹುದು, ವೇಗ 2.5 ಗಿಗಾಹರ್ಟ್ಸ್‌ನಿಂದ 4.5ರ ತನಕ ಹೋಗಬಹುದು. ಎಲ್ಲಿ ತನಕ ಏರುತ್ತದೆ? ಬಿಸಿಯ ಮಿತಿಯೋ ಕರೆಂಟಿನ ಮಿತಿಯೋ ಮುಟ್ಟುವ ತನಕ. ಕೋಣೆ ತಣ್ಣಗಿದ್ದರೆ "ಇನ್ನೂ ಜಾಗ ಇದೆ" ಅಂತ ಇನ್ನಷ್ಟು ಏರುತ್ತದೆ. ಹಾಗಾಗಿ ಮೈಸೂರಿನ ಏಪ್ರಿಲ್ ಬಿಸಿಲಲ್ಲಿ ಇರುವ ಗೆಳೆಯನ ಲ್ಯಾಪ್‌ಟಾಪೂ 97, ನಾಪೋಕ್ಲಿನ ಜನವರಿ ರಾತ್ರಿಯಲ್ಲಿ ನಿಮ್ಮದೂ 97. ವ್ಯತ್ಯಾಸ ಇಷ್ಟೇ: ನಿಮ್ಮದು ಅದೇ ಬಿಸಿಯಲ್ಲಿ ಸ್ವಲ್ಪ ಜಾಸ್ತಿ ಕೆಲಸ ಮಾಡಿರುತ್ತದೆ. ನಮ್ಮ ಚಳಿಯನ್ನೆಲ್ಲ ಟರ್ಬೊ ತಿಂದು ಹಾಕುತ್ತದೆ.

ನಮ್ಮ ಕಡೆ ಇನ್ನೊಂದು ಸಣ್ಣ ವಿಷಯ ಇದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ನೂರಕ್ಕೆ ಹತ್ತರಷ್ಟು ತೆಳು. ಫ್ಯಾನ್ ಅಷ್ಟೇ ಸುತ್ತಿದರೂ ಹೊತ್ತೊಯ್ಯುವ ಬಿಸಿ ಸ್ವಲ್ಪ ಕಡಿಮೆ. ಮೂರೋ ನಾಲ್ಕೋ ಡಿಗ್ರಿಯ ಮಾತು ಅಷ್ಟೇ, ಅದನ್ನು ನಮ್ಮ ತಂಪು ಸರಿದೂಗಿಸುತ್ತದೆ. "ಘಟ್ಟದ ಮೇಲೆ ಲ್ಯಾಪ್‌ಟಾಪ್ ಬಾಳಿಕೆ ಬರಲ್ಲ" ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ.

ಹಾಗಾದರೆ ನಿಮ್ಮದು ಪೂರ್ತಿ ಸರಿ ಇದೆಯಾ? ಇಲ್ಲ ಅಂತ ನನಗೆ ಅನ್ನಿಸುತ್ತದೆ. 97 ನೋಡಿ ಹಾಗೆ ಹೇಳುತ್ತಿಲ್ಲ. ನಿಮ್ಮ ಪತ್ರದ ಎರಡು ಸಾಲು ನೋಡಿ ಹೇಳುತ್ತಿದ್ದೇನೆ: "ಮೊದಲು ಇಷ್ಟು ಸದ್ದು ಇರಲಿಲ್ಲ", "ಬ್ರೌಸರ್ ತೆಗೆದಿದ್ರೂ ಫ್ಯಾನ್ ಏಳುತ್ತೆ". ಅದೇ ಯಂತ್ರ, ಅದೇ ಆಟ, ಒಂದೂವರೆ ವರ್ಷದಲ್ಲಿ ಏನೋ ಬದಲಾಗಿದೆ. ಬಹುಮಟ್ಟಿಗೆ ಅದು ಧೂಳು.

ಒಳಗೆ ಏನಿರುತ್ತದೆ ಅಂತ ಹೇಳಿದರೆ ಇದು ಅರ್ಥವಾಗುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್‌ಗಳ ಮೇಲೆ ತಾಮ್ರದ ತಟ್ಟೆ ಕೂತಿರುತ್ತದೆ. ಚಿಪ್ಪಿಗೂ ತಟ್ಟೆಗೂ ನಡುವೆ ತೆಳ್ಳಗೆ, ಬಿಸಿಯನ್ನು ದಾಟಿಸುವ ಥರ್ಮಲ್ ಪೇಸ್ಟ್. ತಟ್ಟೆಯಿಂದ ಚಪ್ಪಟೆ ತಾಮ್ರದ ಕೊಳವೆಗಳು ಹೊರಟು ಅಂಚಿಗೆ ಬರುತ್ತವೆ. ಆ ಕೊಳವೆ ಗಟ್ಟಿ ತಾಮ್ರ ಅಲ್ಲ, ಒಳಗೆ ಟೊಳ್ಳು. ಗಾಳಿ ತೆಗೆದು, ಕೆಲವೇ ಹನಿ ನೀರು ಹಾಕಿ ಮುಚ್ಚಿರುತ್ತಾರೆ. ಬಿಸಿ ತುದಿಯಲ್ಲಿ ನೀರು ಆವಿಯಾಗುತ್ತದೆ, ತಣ್ಣನೆ ತುದಿಗೆ ಹೋಗಿ ಮತ್ತೆ ನೀರಾಗುತ್ತದೆ, ಒಳಮೈಯ ಬತ್ತಿಯಂಥ ಪದರದಲ್ಲಿ ವಾಪಸ್ ಬರುತ್ತದೆ. ಆ ತಣ್ಣನೆ ತುದಿಗೆ ತೆಳು ತಗಡಿನ ಎಸಳುಗಳನ್ನು ಜೋಡಿಸಿರುತ್ತಾರೆ, ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ. ಎಸಳುಗಳ ನಡುವೆ ಒಂದು ಮಿಲಿಮೀಟರ್ ಜಾಗ ಇದ್ದರೆ ಹೆಚ್ಚು. ಫ್ಯಾನಿನ ಗಾಳಿ ಪೂರ್ತಿ ಆ ಸಂದಿನಲ್ಲೇ ನುಗ್ಗಿ ಹೊರಗೆ ಬರಬೇಕು.

ಧೂಳು ಕೂರುವುದು ಆ ಸಂದಿಗೆ ಹೋಗುವ ಬಾಯಲ್ಲೇ. ಹೊರಗಿಂದ ಜಾಲರಿ ನೋಡಿದರೆ ಏನೂ ಕಾಣುವುದಿಲ್ಲ, ಸ್ವಚ್ಛವಾಗಿರುತ್ತದೆ. ಕಳೆದ ವರ್ಷ ಕಾಫಿ ಕಣದ ಪಕ್ಕದ ಮನೆಯಿಂದ ಒಂದು ಲ್ಯಾಪ್‌ಟಾಪ್ ಬಂದಿತ್ತು. ಫ್ಯಾನ್ ಬಿಚ್ಚಿ ಎತ್ತಿದೆ. ಎಸಳುಗಳ ಮುಂದೆ ಬೂದು ಬಣ್ಣದ ಪಟ್ಟಿ, ಕಂಬಳಿ ಹರಿದ ತುಂಡಿನ ಹಾಗೆ. ಚಿಮಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬಂತು, ಬೆರಳುದ್ದ. ಬೆಳಕಿಗೆ ಹಿಡಿದು ನೋಡಿದೆ. ಕಂಬಳಿ ನೂಲು, ನಾಯಿ ಕೂದಲು, ಒಣಗಿದ ಕಾಫಿ ಸಿಪ್ಪೆಯ ಪುಡಿ, ಮಳೆ ಬಂದ ಸಂಜೆ ದೀಪಕ್ಕೆ ಮುತ್ತುತ್ತವಲ್ಲ ಆ ಹುಳುಗಳ ರೆಕ್ಕೆ. ಎಲ್ಲವನ್ನೂ ಅಂಟಿಸಿದ್ದು ಸೌದೆ ಒಲೆಯ ಹೊಗೆ. ಆ ಪಟ್ಟಿ ತೆಗೆದು ಬೇರೆ ಏನೂ ಮಾಡದೆ ಅದೇ ಆಟ ಓಡಿಸಿದೆ. ಗ್ರಾಫಿಕ್ಸ್ ಚಿಪ್ 11 ಡಿಗ್ರಿ ಇಳಿಯಿತು, ಸದ್ದೂ ಇಳಿಯಿತು.

ಬೆಂಗಳೂರಿನ ಧೂಳು ಒಣ ಧೂಳು, ಊದಿದರೆ ಹೋಗುತ್ತದೆ. ನಮ್ಮದು ಅಂಟು ಧೂಳು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲಿ ತೇವ, ಮನೆಯೊಳಗೆ ಒಲೆ ಹೊಗೆ, ಬಟ್ಟೆ ಒಣಗಿಸುವ ಅಗ್ಗಿಷ್ಟಿಕೆ. ಆಮೇಲೆ ಜನವರಿಯಿಂದ ಮಾರ್ಚ್ ತನಕ ಕಣದ ಪುಡಿ. ಹಾಗಾಗಿ ಕೊಡಗಿನವರಿಗೆ ನಾನು ವರ್ಷಕ್ಕೊಂದು ಸಲ ಒಳಗೆ ಸ್ವಚ್ಛ ಮಾಡಿಸಿ ಅನ್ನುತ್ತೇನೆ. ಸಮಯ ಕಾಫಿ ಕೆಲಸ ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು. ಏಪ್ರಿಲ್ ಅಥವಾ ಮೇ. ಮಳೆಗಾಲಕ್ಕೆ ಹಳೆ ಧೂಳಿನ ಜೊತೆ ಹೋದರೆ ಅದು ತೇವ ಹೀರಿಕೊಂಡು ಗಟ್ಟಿಯಾಗುತ್ತದೆ.

ಆದರೆ ಬಿಚ್ಚಿಸುವ ಮೊದಲು ದುಡ್ಡಿಲ್ಲದೆ ಮಾಡಬಹುದಾದ ಕೆಲಸ ಇದೆ. ಅದನ್ನು ಈ ವಾರವೇ ಮಾಡಿ.

ಮೊದಲು ಸುಮ್ನೆ ಇದ್ದಾಗಿನ ಸದ್ದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಫ್ಯಾನ್ ಎದ್ದ ಹೊತ್ತಿಗೆ ಸಿಪಿಯು ಕಾಲಂ ನೋಡಿ. ವಿಂಡೋಸ್ ಅಪ್‌ಡೇಟ್, ಆಂಟಿವೈರಸ್ ತಪಾಸಣೆ, ಆಟದ ಕಂಪನಿಗಳ ಲಾಂಚರ್, ಮೂವತ್ತು ಟ್ಯಾಬ್ ತೆಗೆದಿಟ್ಟ ಬ್ರೌಸರ್, ಇವುಗಳಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಸ್ಟಾರ್ಟ್‌ಅಪ್ ಪಟ್ಟಿಯಿಂದ ಬೇಡದ್ದನ್ನು ತೆಗೆಯಿರಿ. ಎಚ್‌ಡಿಎಂಐ ವೈರಿನಲ್ಲಿ ಹೊರಗಿನ ಮಾನಿಟರ್ ಹಾಕಿದ್ದೀರಾ? ಬಹಳ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಆ ಕಿಂಡಿ ನೇರ ಆರ್‌ಟಿಎಕ್ಸ್ ಚಿಪ್ಪಿಗೆ ಸೇರಿರುತ್ತದೆ. ಮಾನಿಟರ್ ಇರುವ ತನಕ ಆ ಚಿಪ್ ನಿದ್ದೆ ಹೋಗುವುದಿಲ್ಲ, ಬಿಸಿ ಕೊಡುತ್ತಲೇ ಇರುತ್ತದೆ. ಅದು ದೋಷ ಅಲ್ಲ.

ಈಗ ಆಟದ ಹೊತ್ತಿನ ಸದ್ದು. ಇಲ್ಲಿ ಒಂದು ಲೆಕ್ಕ ತಿಳಿದಿರಲಿ, ಯಾಕೆಂದರೆ ನನ್ನ ಸಲಹೆ ಎಲ್ಲ ಇದರ ಮೇಲೆ ನಿಂತಿದೆ. ಫ್ಯಾನ್ ತಳ್ಳುವ ಗಾಳಿ ಅದರ ವೇಗಕ್ಕೆ ತಕ್ಕಷ್ಟೇ ಏರುತ್ತದೆ. ಸದ್ದು ಮಾತ್ರ ಅದಕ್ಕಿಂತ ತುಂಬಾ ಬೇಗ ಏರುತ್ತದೆ. ನಿಮಿಷಕ್ಕೆ 5,000 ಸುತ್ತು ತಿರುಗುವ ಫ್ಯಾನನ್ನು 4,000ಕ್ಕೆ ಇಳಿಸಿದರೆ ಗಾಳಿ ಐದನೇ ಒಂದು ಪಾಲು ಕಡಿಮೆಯಾಗುತ್ತದೆ, ಸದ್ದು ಸುಮಾರು 5 ಡೆಸಿಬಲ್ ಇಳಿಯುತ್ತದೆ. 3,200ಕ್ಕೆ ಇಳಿಸಿದರೆ ಸುಮಾರು 10 ಡೆಸಿಬಲ್. ಕಿವಿಗೆ ಅದು ಅರ್ಧಕ್ಕರ್ಧ ಇಳಿದ ಹಾಗೆ ಕೇಳುತ್ತದೆ. ಅಂದರೆ ಅಜ್ಜಿಯನ್ನು ಎಬ್ಬಿಸುತ್ತಿರುವುದು ಎಲ್ಲ ಬಿಸಿ ಅಲ್ಲ, ಮೇಲಿನ ಕೊನೆಯ ಸ್ವಲ್ಪ ಬಿಸಿ. ಅಷ್ಟನ್ನು ಹುಟ್ಟದ ಹಾಗೆ ಮಾಡಿದರೆ ಸಾಕು.

ಅದಕ್ಕೆ ಅತಿ ಸುಲಭದ ದಾರಿ ಫ್ರೇಮ್ ಮಿತಿ, ಅಂದರೆ ಆಟ ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸಬೇಕು ಅನ್ನುವ ಮಿತಿ. ನಿಮ್ಮ ಪರದೆ 144 ಹರ್ಟ್ಸ್ ಇರಬಹುದು, ಅಂದರೆ ಸೆಕೆಂಡಿಗೆ 144 ಚಿತ್ರ ತೋರಿಸುವಂಥದ್ದು. ಆಟಕ್ಕೆ ಮಿತಿ ಹಾಕದಿದ್ದರೆ ಯಂತ್ರ ತನ್ನ ಕೈಲಾದಷ್ಟು ಫ್ರೇಮ್ ಬಿಡಿಸುತ್ತಲೇ ಇರುತ್ತದೆ, ಪರದೆ ತೋರಿಸಲಾಗದಷ್ಟನ್ನೂ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆಗೆದು, 3ಡಿ ಸೆಟ್ಟಿಂಗ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಅನ್ನುವ ಸಾಲಿಗೆ 60 ಹಾಕಿ. ರಾತ್ರಿ ಒಬ್ಬರೇ ಕಥೆಯ ಆಟ ಆಡುವುದಾದರೆ 60 ಚೆನ್ನಾಗಿರುತ್ತದೆ. ಎದುರಾಳಿ ಜೊತೆ ಗುಂಡು ಹಾರಿಸುವ ಆಟಗಳಲ್ಲಿ 60 ಕಡಿಮೆ ಅನ್ನಿಸಬಹುದು. ಅಲ್ಲಿ 90 ಇಡಿ, ಅಜ್ಜಿ ಎದ್ದಿರುವ ಹೊತ್ತಲ್ಲಿ ಆಡಿ. ಇದರಿಂದ ಅಪಾಯ ಏನೂ ಇಲ್ಲ.

ಎರಡನೆಯದು ಟರ್ಬೊ ನಿಲ್ಲಿಸುವುದು. ವಿಂಡೋಸ್‌ನ ಪವರ್ ಪ್ಲಾನ್ ಒಳಗೆ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್, ಅದರಲ್ಲಿ ಮ್ಯಾಕ್ಸಿಮಂ ಪ್ರೊಸೆಸರ್ ಸ್ಟೇಟ್ ಅಂತ ಇದೆ. 100 ಇರುವುದನ್ನು 99 ಮಾಡಿ. ಒಂದೇ ಒಂದು ಅಂಕಿ ಕಡಿಮೆ. ಆದರೆ ಅದರಿಂದ ಬೂಸ್ಟ್ ಪೂರ್ತಿ ನಿಲ್ಲುತ್ತದೆ. ನನ್ನ ಮೇಜಿನ ಮೇಲೆ ಈ ಬದಲಾವಣೆಯಿಂದಲೇ ಪ್ರೊಸೆಸರ್ 15 ಡಿಗ್ರಿ ಇಳಿದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬಹಳ ಆಟಗಳಲ್ಲಿ ಭಾರ ಬೀಳುವುದು ಗ್ರಾಫಿಕ್ಸ್ ಚಿಪ್ ಮೇಲೆ. 60 ಫ್ರೇಮಿಗೆ ನಿಮ್ಮ 12 ಕೋರ್‌ಗಳು ಬೂಸ್ಟ್ ಇಲ್ಲದೆಯೂ ಸಾಲುತ್ತವೆ. ನಷ್ಟ ಗೊತ್ತಾಗುವುದು ವಿಡಿಯೊ ಎಡಿಟ್ ಮಾಡುವಾಗ, ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವಾಗ. ಕಾಲೇಜು ಕೆಲಸ ಇದ್ದ ದಿನ ಮತ್ತೆ 100 ಮಾಡಿಕೊಳ್ಳಿ. ಕೆಲವು ಹೊಸ ಮಾದರಿಗಳಲ್ಲಿ ಈ ಸಾಲು ಕಾಣಿಸುವುದಿಲ್ಲ. ಆಗ ಲ್ಯಾಪ್‌ಟಾಪ್ ಕಂಪನಿಯದೇ ಆ್ಯಪ್ ಇರುತ್ತದಲ್ಲ, ಅದರಲ್ಲಿ ಸೈಲೆಂಟ್ ಅಥವಾ ಕ್ವಯಟ್ ಮೋಡ್ ಹಾಕಿ. ಅದು ಫ್ಯಾನನ್ನು ಸುಮ್ನೆ ಅಡಗಿಸುವುದಲ್ಲ, ಚಿಪ್ಪಿಗೆ ಕೊಡುವ ವ್ಯಾಟನ್ನೂ ಇಳಿಸುತ್ತದೆ.

ಒಂದು ಎಚ್ಚರಿಕೆ. ಬರೀ ಫ್ಯಾನ್ ವೇಗವನ್ನು ಕೈಯಾರೆ ಇಳಿಸಿ, ವ್ಯಾಟನ್ನು ಹಾಗೇ ಬಿಡಬೇಡಿ. ಚಿಪ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ ನಿಜ. ಸುತ್ತ ಇರುವ ಚಿಕ್ಕ ಬಿಡಿಭಾಗಗಳು, ಎಸ್‌ಎಸ್‌ಡಿ, ಬ್ಯಾಟರಿ ಇವು ಆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯುತ್ತವೆ.

ಅಂಡರ್‌ವೋಲ್ಟ್, ಅಂದರೆ ಚಿಪ್ಪಿಗೆ ಕೊಡುವ ವೋಲ್ಟೇಜ್ ಇಳಿಸುವುದರ ಬಗ್ಗೆ ನೀವು ಕೇಳಿಲ್ಲ, ಆದರೆ ಹುಡುಕುತ್ತಾ ಹೋದರೆ ಸಿಕ್ಕೇ ಸಿಗುತ್ತದೆ. ಒಳ್ಳೆಯ ವಿದ್ಯೆಯೇ. ಚಿಪ್ ತಿನ್ನುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಇಳಿಸಿದರೆ ಶಕ್ತಿ ಹೆಚ್ಚು ಕಡಿಮೆ ಹತ್ತೊಂಬತ್ತು ಇಳಿಯುತ್ತದೆ, ವೇಗ ಅಷ್ಟೇ ಇರುತ್ತದೆ. ಆದರೆ 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತಾ ದೋಷ ಬಯಲಾದ ಮೇಲೆ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಈ ಬಾಗಿಲು ಬಹುಪಾಲು ಮುಚ್ಚಿತು. ನಿಮ್ಮದರಲ್ಲೂ ಪ್ರೊಸೆಸರಿಗೆ ಬೀಗ ಇರುವ ಸಾಧ್ಯತೆಯೇ ಜಾಸ್ತಿ. ಗ್ರಾಫಿಕ್ಸ್ ಚಿಪ್ಪಿಗೆ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಮೂಲಕ ಮಾಡಬಹುದು. ತಪ್ಪಾದರೆ ಆಟ ನಿಲ್ಲುತ್ತದೆ ಅಥವಾ ಯಂತ್ರ ರೀಸ್ಟಾರ್ಟ್ ಆಗುತ್ತದೆ, ಸುಡುವುದಿಲ್ಲ. ಮೇಲಿನ ಎರಡು ದಾರಿ ಸಾಲದಿದ್ದರೆ ಮುಂದೆ ನೋಡಿ, ಈಗಲೇ ಬೇಡ.

ಈಗ ಕೂಲಿಂಗ್ ಪ್ಯಾಡ್. ಅಂಗಡಿಯವರು ಸುಳ್ಳು ಹೇಳಿಲ್ಲ. ಆದರೆ ಸಾಮಾನ್ಯ ಪ್ಯಾಡಿನಿಂದ ಮೂರರಿಂದ ಐದು ಡಿಗ್ರಿ ಸಿಕ್ಕರೆ ಹೆಚ್ಚು, ಅದರಲ್ಲಿ ಬಹುಪಾಲು ಲಾಭ ಲ್ಯಾಪ್‌ಟಾಪ್ ಮೇಲೆದ್ದು ನಿಂತದ್ದರಿಂದ. ಹಿಂದಿನ ಎರಡು ಕಾಲಿನ ಕೆಳಗೆ ಎರಡೆರಡು ಬಾಟಲ್ ಮುಚ್ಚಳವನ್ನೋ ಮರದ ತುಂಡನ್ನೋ ಇಟ್ಟು ಎರಡು ಮೂರು ಸೆಂಟಿಮೀಟರ್ ಎತ್ತಿ ನೋಡಿ. ಅಷ್ಟೇ ಫಲ ಬರುತ್ತದೆ. ಅಡಿಯ ಗಾಳಿಯ ತೂತಿಗೆ ಮರದ ತುಂಡು ಅಡ್ಡ ಬರಬಾರದು. ಹಿಂದೆ ಗೋಡೆಗೂ ಲ್ಯಾಪ್‌ಟಾಪಿಗೂ ಒಂದು ಗೇಣು ಜಾಗ ಬಿಡಿ, ಇಲ್ಲದಿದ್ದರೆ ಅದು ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಸುತ್ತ ಸ್ಪಂಜ್ ಇರುವ, ಒತ್ತಿ ಗಾಳಿ ನುಗ್ಗಿಸುವ ದೊಡ್ಡ ಪ್ಯಾಡ್‌ಗಳು ನಿಜಕ್ಕೂ ಚೆನ್ನಾಗಿ ತಣಿಸುತ್ತವೆ. ಆದರೆ ಅವುಗಳ ಸದ್ದು ಲ್ಯಾಪ್‌ಟಾಪಿಗಿಂತ ಜಾಸ್ತಿ. ನಿಮ್ಮ ತೊಂದರೆಯೇ ಸದ್ದು, ಹಾಗಾಗಿ ಅದು ನಿಮಗಲ್ಲ.

ಸದ್ದಿನ ಜಾತಿಯನ್ನೂ ಒಮ್ಮೆ ಗಮನಿಸಿ ಕೇಳಿ. ಜೋರು ಗಾಳಿ ಬೀಸಿದ ಹಾಗೆ ಸುಯ್ ಅನ್ನುತ್ತಿದ್ದರೆ ಅದು ಗಾಳಿಯದ್ದೇ, ಫ್ಯಾನ್ ಆರೋಗ್ಯವಾಗಿದೆ. ಗರಗರ ಅಂತ ಉಜ್ಜಿದ ಸದ್ದು, ಲ್ಯಾಪ್‌ಟಾಪ್ ಓರೆ ಮಾಡಿದರೆ ಸದ್ದು ಬದಲಾಗುವುದು, ಇವು ಬೇರಿಂಗ್ ಸವೆದ ಲಕ್ಷಣ. ಆಗ ಫ್ಯಾನೇ ಬದಲಿಸಬೇಕು. ಹೊಲಿಗೆ ಮಷಿನ್ ಎಣ್ಣೆ, ಕೊಬ್ಬರಿ ಎಣ್ಣೆ ಬಿಟ್ಟು ತಂದವರಿದ್ದಾರೆ. ಒಂದು ವಾರ ಸದ್ದು ನಿಲ್ಲುತ್ತದೆ, ಆಮೇಲೆ ಆ ಎಣ್ಣೆಗೆ ಧೂಳು ಮೆತ್ತಿಕೊಂಡು ಫ್ಯಾನ್ ಸಿಕ್ಕಿಕೊಳ್ಳುತ್ತದೆ. ಟಿಕ್ ಟಿಕ್ ಅನ್ನುತ್ತಿದ್ದರೆ ಏನೋ ರೆಕ್ಕೆಗೆ ತಾಗುತ್ತಿದೆ. ಕೀ ಅಂತ ಸೊಳ್ಳೆಯಂಥ ಸಣ್ಣ ಸದ್ದು, ಅದೂ ಆಟದ ಮೆನುವಿನಲ್ಲಿ ನಿಂತಾಗ ಬರುತ್ತಿದ್ದರೆ ಅದು ಫ್ಯಾನ್ ಅಲ್ಲ, ಬೋರ್ಡಿನ ಕಾಯಿಲ್‌ಗಳು ನಡುಗುವ ಸದ್ದು. ಮೆನುವಿನಲ್ಲಿ ಫ್ರೇಮ್ ನೂರಾರು ಆಗಿಬಿಡುತ್ತದೆ, ಅದಕ್ಕೇ. ಫ್ರೇಮ್ ಮಿತಿ ಹಾಕಿದರೆ ಅದೂ ನಿಲ್ಲುತ್ತದೆ.

ಇನ್ನು ಬಿಚ್ಚುವ ವಿಷಯ. ವಾರಂಟಿ ಮುಗಿದಿರುವುದರಿಂದ ಕಳೆದುಕೊಳ್ಳುವುದು ಅದರಲ್ಲಿ ಇಲ್ಲ. ಕೈ ಕೆಲಸ ಗೊತ್ತಿದ್ದರೆ ನೀವೇ ಮಾಡಬಹುದು, ಕಷ್ಟ ಏನಿಲ್ಲ. ನಿಮ್ಮದೇ ಮಾದರಿಯನ್ನು ಬಿಚ್ಚುವ ವಿಡಿಯೊ ಮೊದಲು ಪೂರ್ತಿ ನೋಡಿ. ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಹಾಳೆ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು, ತೆಗೆದ ಜಾಗದಲ್ಲೇ ಸ್ಕ್ರೂ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹಾಕಿದರೆ ಬೋರ್ಡಿಗೆ ಅಥವಾ ಕೀಬೋರ್ಡಿಗೆ ಚುಚ್ಚುತ್ತದೆ. ಅಡಿ ಮುಚ್ಚಳದ ಪ್ಲಾಸ್ಟಿಕ್ ಕೊಕ್ಕೆಗಳು ಮುರಿಯುವುದು ಸಾಮಾನ್ಯ, ಹಳೆ ಎಟಿಎಂ ಕಾರ್ಡಿನಿಂದ ನಿಧಾನ ಬಿಡಿಸಿ. ಮುಚ್ಚಳ ತೆಗೆದ ಕೂಡಲೇ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ತೆಗೆಯುವುದು. ಆಮೇಲೆ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದು, ಎಸಳುಗಳ ಬಾಯಿಂದ ಧೂಳಿನ ಪಟ್ಟಿ ತೆಗೆಯಿರಿ, ಮೆತ್ತನೆ ಬ್ರಷ್ಷಿನಿಂದ ರೆಕ್ಕೆ ಒರೆಸಿ. ಅಂಟು ಹೊಗೆ ಇದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ ಹಚ್ಚಿದ ಹತ್ತಿ ಕಡ್ಡಿ ಸಾಕು.

ದಯವಿಟ್ಟು ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಒಡ್ಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಗಾಳಿಯಲ್ಲಿರುವ ತೇವ ಆ ಟ್ಯಾಂಕಿನಲ್ಲಿ ನೀರಾಗಿ ನಿಂತಿರುತ್ತದೆ, ಎಣ್ಣೆಯೂ ಬೆರೆತಿರುತ್ತದೆ. ಹಿಂದಿನ ಮಳೆಗಾಲ ಒಬ್ಬ ಹುಡುಗ ಹಾಗೆ ಊದಿಸಿಕೊಂಡು ಬಂದಿದ್ದ. ಬಿಚ್ಚಿದರೆ ಬೋರ್ಡ್ ಮೇಲೆ ಸಣ್ಣ ಸಣ್ಣ ಹನಿ, ಇಬ್ಬನಿ ಬಿದ್ದ ಎಲೆಯ ಹಾಗೆ. ಫ್ಯಾನ್ ಅಷ್ಟು ಜೋರಾಗಿ ತಿರುಗಿ ಬೇರಿಂಗೂ ಹೋಗಿತ್ತು. ಬೋರ್ಡ್ ಉಳಿಯಿತು, ಫ್ಯಾನ್ ಉಳಿಯಲಿಲ್ಲ.

ಪೇಸ್ಟ್ ವಿಷಯದಲ್ಲಿ ಅಣ್ಣ ಹೇಳಿದ್ದು ಅರ್ಧ ಸರಿ. ಚಿಪ್ ದಿನಕ್ಕೆ ಹತ್ತಾರು ಸಲ 40ರಿಂದ 95ಕ್ಕೆ ಹೋಗಿ ಬರುತ್ತದೆ. ಪ್ರತಿ ಸಲ ಲೋಹ ಹಿಗ್ಗಿ ಕುಗ್ಗಿದಾಗ ನಡುವಿನ ಪೇಸ್ಟ್ ಸ್ವಲ್ಪ ಸ್ವಲ್ಪವೇ ಅಂಚಿಗೆ ಜಾರುತ್ತದೆ. ಒಂದೂವರೆ ವರ್ಷಕ್ಕೆ ಹಾಗಾಗಿರಬಹುದು, ಆಗದೆಯೂ ಇರಬಹುದು. ತಿಳಿಯುವುದು ಹೇಗೆ? ಧೂಳು ತೆಗೆದ ಮೇಲೂ ಆಟ ಶುರುವಾದ ಎರಡು ಮೂರು ಸೆಕೆಂಡಿಗೇ 95 ಮುಟ್ಟಿ, ನಿಲ್ಲಿಸಿದ ಕೂಡಲೇ ಧೊಪ್ ಅಂತ ಬಿದ್ದರೆ ಪೇಸ್ಟ್ ಅನುಮಾನ. ಒಂದು ಕೋರ್ 97 ಇದ್ದು ಪಕ್ಕದ್ದು 80 ಇದ್ದರೂ ಅದೇ. ನಿಧಾನ ಏರಿ ನಿಧಾನ ಇಳಿಯುವುದಾದರೆ ತೊಂದರೆ ಗಾಳಿಯದ್ದು, ಪೇಸ್ಟಿನದ್ದಲ್ಲ. ಬದಲಿಸುವುದೇ ಆದರೆ ಪೇಸ್ಟಿಗಿಂತ ಹನಿವೆಲ್ ಕಂಪನಿಯ ಪಿಟಿಎಂ7950 ಅನ್ನುವ ತೆಳು ಹಾಳೆ ಒಳ್ಳೆಯದು. ಅದು 45 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗಿ ಸಂದನ್ನು ತುಂಬುತ್ತದೆ, ಪೇಸ್ಟಿನ ಹಾಗೆ ಜಾರುವುದಿಲ್ಲ. ನಕಲಿ ಹಾಳೆಗಳು ಬಹಳ ಇವೆ, ನಂಬಿಕೆ ಇರುವ ಕಡೆ ತಗೊಳ್ಳಿ.

ಇಲ್ಲಿ ಅಪಾಯ ಇರುವುದು ಪೇಸ್ಟಿನಲ್ಲಲ್ಲ, ಅದರ ಪಕ್ಕದ ಮೆತ್ತನೆ ಪ್ಯಾಡ್‌ಗಳಲ್ಲಿ. ಗ್ರಾಫಿಕ್ಸ್ ಮೆಮೊರಿ ಮೇಲೆ ಕೂರುವ ಆ ಪ್ಯಾಡ್‌ಗಳಿಗೆ ನಿಗದಿಯಾದ ದಪ್ಪ ಇರುತ್ತದೆ. ಹರಿದರೆ, ಅಂದಾಜಿನಲ್ಲಿ ದಪ್ಪ ಪ್ಯಾಡ್ ಹಾಕಿದರೆ, ತಾಮ್ರದ ತಟ್ಟೆ ಚಿಪ್ಪಿನಿಂದ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ. ಬಿಸಿ ಮೊದಲಿಗಿಂತ ಜಾಸ್ತಿಯಾಗುತ್ತದೆ. "ಪೇಸ್ಟ್ ಬದಲಿಸಿದ ಮೇಲೆ ಇನ್ನೂ ಹಾಳಾಯ್ತು" ಅಂತ ಬರುವ ಲ್ಯಾಪ್‌ಟಾಪ್‌ಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಇದನ್ನೇ.

ಲಿಕ್ವಿಡ್ ಮೆಟಲ್ ಬೇಡ. ಅದು ಗ್ಯಾಲಿಯಂ ಬೆರೆತ ಲೋಹ, ನೀರಿನ ಹಾಗೆ ಹರಿಯುತ್ತದೆ. ಬಿಸಿಯನ್ನು ಪೇಸ್ಟಿಗಿಂತ ಚೆನ್ನಾಗಿ ದಾಟಿಸುತ್ತದೆ ನಿಜ. ಕೆಲವು ದುಬಾರಿ ಮಾದರಿಗಳಿಗೆ ಕಂಪನಿಯೇ ಸುತ್ತ ತಡೆ ಕಟ್ಟಿ ಹಾಕಿ ಕಳಿಸುತ್ತದೆ. ನಿಮ್ಮದರಲ್ಲಿ ಆ ತಡೆ ಇಲ್ಲ. ಅದು ಕರೆಂಟನ್ನೂ ದಾಟಿಸುತ್ತದೆ, ಒಂದು ಹನಿ ಹೊರಗೆ ಜಾರಿದರೆ ಬೋರ್ಡ್ ಶಾರ್ಟ್. ಅಲ್ಯೂಮಿನಿಯಂ ತಾಗಿದರೆ ಅದನ್ನು ತಿಂದು ಪುಡಿ ಮಾಡುತ್ತದೆ. ನೀವು ಲ್ಯಾಪ್‌ಟಾಪನ್ನು ಬ್ಯಾಗಿನಲ್ಲಿ ನಿಲ್ಲಿಸಿಕೊಂಡು, ನಾಪೋಕ್ಲು ರಸ್ತೆಯ ತಿರುವುಗಳಲ್ಲಿ ಬಸ್ಸಿನಲ್ಲಿ ಓಡಾಡುವವರು. ನನ್ನ ಮಕ್ಕಳಿಗಾದರೂ ಬೇಡ ಅಂತಲೇ ಹೇಳುತ್ತಿದ್ದೆ.

ಮಳೆಗಾಲದ ಮಾತು ಹೇಳದೆ ಕೊಡಗಿನವರಿಗೆ ಉತ್ತರ ಪೂರ್ತಿಯಾಗುವುದಿಲ್ಲ. ಇಲ್ಲಿ ಬಿಸಿಯಿಂದ ಸತ್ತ ಲ್ಯಾಪ್‌ಟಾಪಿಗಿಂತ ತೇವದಿಂದ ಸತ್ತದ್ದನ್ನೇ ನಾನು ಹೆಚ್ಚು ನೋಡಿದ್ದೇನೆ. ಸ್ಕ್ರೂ ತುಕ್ಕು ಹಿಡಿದಿರುತ್ತದೆ, ತಾಮ್ರದ ಕೊಳವೆ ಮೇಲೆ ಹಸಿರು ಕಿಲುಬು, ಕನೆಕ್ಟರಿನ ಹಲ್ಲುಗಳ ಮೇಲೆ ಬಿಳಿ ಪುಡಿ. ವಿಶೇಷ ಏನೆಂದರೆ ದಿನಾ ಆಡುವವರ ಲ್ಯಾಪ್‌ಟಾಪಿಗೆ ಹೀಗಾಗುವುದು ಕಡಿಮೆ. ಓಡುವ ಯಂತ್ರ ತನ್ನ ಬಿಸಿಯಿಂದಲೇ ಒಣಗಿರುತ್ತದೆ. ಸಾಯುವುದು ಬ್ಯಾಗಿನೊಳಗೆ ಹಾಕಿ ಬೀರುವಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು. ಬೆಲ್ಟು, ಚಪ್ಪಲಿಗೆ ಬೂಷ್ಟು ಬರುವ ಜಾಗದಲ್ಲಿ ಲ್ಯಾಪ್‌ಟಾಪ್ ಇಡಬೇಡಿ. ಜುಲೈ, ಆಗಸ್ಟಿನಲ್ಲಿ ಬಳಸದಿದ್ದರೂ ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಊರಿಗೆ ಹೋಗುವುದಾದರೆ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮಂಜು ಬೀಳುವ ರಾತ್ರಿ ಕಾರಲ್ಲೇ ಬಿಟ್ಟಿದ್ದರೆ ಮನೆಯೊಳಗೆ ತಂದು ಒಂದು ಗಂಟೆ ಬಿಟ್ಟು ಆನ್ ಮಾಡಿ. ತಣ್ಣನೆ ಲೋಹಕ್ಕೆ ಬೆಚ್ಚಗಿನ ತೇವದ ಗಾಳಿ ತಾಗಿದರೆ ನೀರು ಕೂರುತ್ತದೆ. ಒಣಗಲಿ ಅಂತ ಅಗ್ಗಿಷ್ಟಿಕೆ ಪಕ್ಕ ಮಾತ್ರ ಇಡಬೇಡಿ, ಹೊಗೆಯನ್ನೆಲ್ಲ ಫ್ಯಾನ್ ಒಳಗೆ ಎಳೆದುಕೊಳ್ಳುತ್ತದೆ. ತಂಪಾಗಲಿ ಅಂತ ಮಳೆಯ ದಿನ ತೆರೆದ ಕಿಟಕಿಗೆ ಒಡ್ಡುವುದೂ ಬೇಡ, ಇರಚಲು ಎಲ್ಲಿಗೆ ಬೀಳುತ್ತದೆ ಹೇಳಲಾಗದು.

ಬ್ಯಾಟರಿಗೆ ಒಂದು ಮಾತು. ಸದಾ ಪ್ಲಗ್ಗಿನಲ್ಲಿಟ್ಟು ಆಡುವವರು ಕಂಪನಿಯ ಆ್ಯಪಿನಲ್ಲಿ ಚಾರ್ಜ್ ಮಿತಿಯನ್ನು 80ಕ್ಕೆ ಇಡಿ. ನೂರು ತುಂಬಿದ ಬ್ಯಾಟರಿ ಬಿಸಿಯಲ್ಲಿ ಕೂತರೆ ಬೇಗ ಮುದುಕಾಗುತ್ತದೆ, ಉಬ್ಬುವುದೂ ಹೆಚ್ಚಾಗಿ ಅಂಥದ್ದೇ. ಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇರುವುದಿಲ್ಲ ಅಂತ ಅನ್ನಿಸಿದ ಹೊತ್ತಲ್ಲಿ ಮಾತ್ರ 100 ಮಾಡಿಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಇವತ್ತು ಬ್ಯಾಟರಿ ಪರೀಕ್ಷೆ ಮಾಡಿ, 60 ಫ್ರೇಮ್ ಮತ್ತು 99 ಹಾಕಿ, ಹಿಂಭಾಗ ಎತ್ತಿ ಒಂದು ವಾರ ಆಡುತ್ತಿದ್ದೆ. ಅರ್ಧ ಗಂಟೆ ಆಡಿದ ಮೇಲೆ ಎಷ್ಟು ಡಿಗ್ರಿ ಅಂತ ಬರೆದಿಡಿ, ಮೊದಲೂ ಆಮೇಲೂ. ಅಷ್ಟಕ್ಕೇ ಅಜ್ಜಿಗೆ ನಿದ್ದೆ ಬಂದರೆ ಬಿಚ್ಚುವ ಕೆಲಸ ಏಪ್ರಿಲ್ ತನಕ ಕಾಯಬಹುದು. ಬರದಿದ್ದರೆ ಒಳಗೆ ಸ್ವಚ್ಛ ಮಾಡಿಸಿ. ಕೊಡುವಾಗ "ಬಿಸಿ ಆಗ್ತಿದೆ, ನೋಡಿ" ಅಂತ ಮಾತ್ರ ಹೇಳಬೇಡಿ. "ಫ್ಯಾನ್ ಎತ್ತಿ ಎಸಳಿನ ಬಾಯಿ ಸ್ವಚ್ಛ ಮಾಡಿ, ಪೇಸ್ಟ್ ಮುಟ್ಟುವ ಮೊದಲು ಒಮ್ಮೆ ಓಡಿಸಿ ಡಿಗ್ರಿ ತೋರಿಸಿ" ಅಂತ ಹೇಳಿ, ಬರೆದಿಟ್ಟ ಆ ಎರಡು ಅಂಕಿ ಕೊಡಿ. ಸಾಧ್ಯವಾದರೆ ಅಲ್ಲೇ ಕೂತು, ಫ್ಯಾನ್ ಎತ್ತುವಾಗ ಒಳಗೆ ಏನಿತ್ತು ಅಂತ ನೀವೇ ನೋಡಿ.